ನೀರು ಕಾಣದ ಗೋಡೆ

ಆ ಬೀದಿಯಲ್ಲಿ ಮಟಮಟ ಮಧ್ಯಾಹ್ನವೂ ದೀಪ ಹಚ್ಚಿಕೊಂಡೇ ಕಾಳು ಆರಿಸಬೇಕಿತ್ತು. ಸೂರ್ಯನೇನೂ ಮುನಿಸಿಕೊಂಡಿರಲಿಲ್ಲ. ಎಂದಿನಂತೆ ಬಂದು ಮನೆಮನೆಯ ಮುಂದೆ ನಿಂತು, ಒಳಗೆ ಹೋಗಲು ದಾರಿ ಕಾಣದೆ ಹಿಂದಿರುಗುತ್ತಿದ್ದ. ಕಿಟಕಿಗಳಿದ್ದ ಜಾಗದಲ್ಲೆಲ್ಲ ಇಟ್ಟಿಗೆ ಕೂತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತ ಮುದುಕರ ಹಾಗೆ ಕಾಣುತ್ತಿದ್ದವು ಆ ಮನೆಗಳು.

ಸಮುದ್ರ ದಾಟಿ ಬಂದು ಊರನ್ನು ಆಳತೊಡಗಿದವರನ್ನು ಜನ ಹಡಗಿನವರು ಎನ್ನುತ್ತಿದ್ದರು. ಮೊದಲು ಅವರು ಸಂತೆಗೆ ಸುಂಕ ಹಾಕಿದರು, ಜನ ಗೊಣಗಿಕೊಂಡು ಕೊಟ್ಟರು. ಆಮೇಲೆ ಸೇತುವೆಗೆ ಹಾಕಿದರು, ಅದನ್ನೂ ಕೊಟ್ಟರು. ಕೊನೆಗೆ, ಬೀದಿಗೆ ತೆರೆದ ಒಂದೊಂದು ಕಿಟಕಿಗೂ ಕಂದಾಯ ಎಂದರು. "ಇವತ್ತು ಬೆಳಕಿಗೆ, ನಾಳೆ ಉಸಿರಿಗೆ, ನಾಡಿದ್ದು ಸೀನಿಗೆ" ಎಂದು ಜನ ನಕ್ಕರು. ನಗು ಬಹಳ ದಿನ ಉಳಿಯಲಿಲ್ಲ. ಊರಸಭೆ ಕೈಯೆತ್ತಿ ಒಪ್ಪದೆ ಊರಿನ ಮೇಲೆ ಹೊಸ ತೆರಿಗೆ ಬೀಳಕೂಡದು ಎಂಬುದು ಅಜ್ಜನ ಅಜ್ಜನ ಕಾಲದಿಂದ ಬಂದ ಹಕ್ಕು. ಸಭೆ ಕೂತಿತು. ಒಂದು ಕೈಯೂ ಮೇಲೇಳಲಿಲ್ಲ. ಹಡಗಿನವರು ಸಭೆಯನ್ನೇ ರದ್ದು ಮಾಡಿದರು, ಸಭಾಮನೆಯ ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆ ಗೋಡೆ ಎಬ್ಬಿಸಿ ಕಾವಲಿಟ್ಟರು. ಅಲ್ಲಿಯವರೆಗೆ "ಸ್ವಲ್ಪ ಕಮ್ಮಿ ಮಾಡಿ ಸ್ವಾಮಿ" ಎನ್ನುತ್ತಿದ್ದ ಜನ ಅಂದಿನಿಂದ "ಕೇಳೋಕೆ ನೀವ್ಯಾರು?" ಎನ್ನತೊಡಗಿದರು. ಕಂದಾಯ ಕೊಡುವುದಿಲ್ಲ, ಕಿಟಕಿಯೇ ಬೇಡ ಎಂದು ಆಣೆ ಮಾಡಿ, ಊರು ತನ್ನ ಕಣ್ಣುಗಳನ್ನು ತಾನೇ ಮುಚ್ಚಿಕೊಂಡಿತು.

ಸಭಾಮನೆಯ ಬಾಗಿಲಿಗೆ ಗೋಡೆ ಕಟ್ಟಿದವನು ಮೆಲ್ಲಿಯ ಅಪ್ಪ. ಊರಿಗೆಲ್ಲ ಅವನು ಮೇಸ್ತ್ರಿ. ಸಿಪಾಯಿಗಳು ಬಂದೂಕು ಹಿಡಿದು ನಿಂತು ಕಟ್ಟಿಸಿದ್ದು ನಿಜ. ಆದರೆ ಜನಕ್ಕೆ ಬಂದೂಕು ಬೇಗ ಮರೆತುಹೋಗುತ್ತದೆ, ಕರಣೆ ಹಿಡಿದ ಕೈ ಮಾತ್ರ ನೆನಪಿರುತ್ತದೆ. ಆ ದಿನ ಗಾರೆ ಕಲಸಿಕೊಟ್ಟವಳು ಮೆಲ್ಲಿ. ಕೆಲಸ ಮುಗಿದ ಮೇಲೆ ಅವಳು ಎಂದಿನಂತೆ ಗೋಡೆಗೆ ನೀರು ಹೊಡೆಯಲು ಚೊಂಬು ಎತ್ತಿಕೊಂಡಿದ್ದಳು. ಹೊಸ ಗಾರೆಗೆ ಬೆಳಿಗ್ಗೆ ಸಂಜೆ ನೀರುಣಿಸದಿದ್ದರೆ ಗೋಡೆ ಗಟ್ಟಿಯಾಗುವುದಿಲ್ಲ. ಅಮ್ಮ ಹೋದ ಮೇಲೆ ಅದು ಅವಳದೇ ಕೆಲಸ. ಅಪ್ಪ ಚೊಂಬನ್ನು ಕಿತ್ತುಕೊಂಡು, "ಬೇಡ, ನಡಿ" ಎಂದಿದ್ದ. ಮುಖ ತೋರಿಸಲಾಗದೆ ಓಡುತ್ತಿದ್ದಾನೆ ಎಂದುಕೊಂಡು ಅವಳೂ ತಲೆ ತಗ್ಗಿಸಿ ಹಿಂದೆ ನಡೆದಿದ್ದಳು.

ಮೆಲ್ಲಿ ಎಂಬುದು ಬೀದಿ ಇಟ್ಟ ಹೆಸರು. ಹುಡುಗಿ ಮೆಲ್ಲಗೆ ಮಾತಾಡುತ್ತಾಳೆಂದು. ಮಾತಾಡಿದರೆ, ಎಂದೂ ಸೇರಿಸಬೇಕು. ಹೊಸಬರೆದುರು ಅವಳ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. "ಏನೇ, ನಿನ್ನ ಬಾಯಿಗೂ ನಿಮ್ಮಪ್ಪನೇ ಇಟ್ಟಿಗೆ ಇಟ್ಟನಾ?" ಎಂದು ರೇಗಿಸುತ್ತಿದ್ದವಳು ಎದುರುಮನೆಯ ತಮಟೆ ಅತ್ತೆ. ಅವಳು ನಾಲ್ಕು ಮನೆಯ ಬಟ್ಟೆ ಒಗೆದು ಬದುಕುವವಳು. ಅವಳು ಬಾಯಿ ತೆರೆದರೆ ಬೀದಿಯ ಆ ತುದಿಗೆ ಡಂಗುರ. ಹಾಸಿಗೆ ಹಿಡಿದ ಗಂಡನಿಗೆ ಜಗತ್ತೆಂದು ಉಳಿದಿದ್ದದ್ದು ಒಂದು ಕಿಟಕಿ ಮಾತ್ರ. ಆಣೆಯ ದಿನ ಅದನ್ನೂ ಅವಳೇ ನಿಂತು ಮುಚ್ಚಿಸಿದ್ದಳು. ಅಂದಿನಿಂದ ಅವನು ಕತ್ತಲಲ್ಲಿ ಮಲಗಿ, "ಬೆಳಗಾಯ್ತೇನೇ?" ಎಂದು ಹೊತ್ತುಗೊತ್ತಿಲ್ಲದೆ ಕೇಳುತ್ತಿದ್ದ. "ಆಗ್ತದೆ, ಸುಮ್ನಿರಿ" ಎನ್ನುತ್ತಿದ್ದಳು ಅತ್ತೆ. ಆ ಒಂದು ಮಾತನ್ನು ಮಾತ್ರ ತಗ್ಗಿದ ದನಿಯಲ್ಲಿ.

ಮೆಲ್ಲಿಯ ಅಣ್ಣ ತಂಗಿಯಂಥವನಲ್ಲ. ಮಾತಿನಮಲ್ಲ. ಗೋಡೆಯೆದ್ದ ಸಭಾಮನೆಯ ಮೆಟ್ಟಿಲ ಮೇಲೆ ನಿಂತು, "ನಮ್ಮನ್ನ ಕೇಳದೆ ನಮ್ಮ ಮೇಲೆ ಹೇರೋರು ನಮ್ಮ ದೊರೆಗಳಲ್ಲ, ನಮ್ಮ ಊರು ನಾವೇ ಆಳ್ಕೋತೀವಿ" ಎಂದುಬಿಟ್ಟಿದ್ದ. ಹಾಗೆ ಅಂದವರನ್ನು ಹಡಗು ಹತ್ತಿಸುತ್ತಿದ್ದರು. ಹಡಗು ಹತ್ತಿದವರ ಸುದ್ದಿ ಮತ್ತೆ ದಡಕ್ಕೆ ಬಂದದ್ದಿಲ್ಲ. ಕೆಲವು ದಿನ ಅಲ್ಲಿ ಇಲ್ಲಿ ಅಡಗಿ, ಮೊನ್ನೆ ಮುಂಜಾನೆ ಅವನು ಮನೆ ಸೇರಿದ.

ಅವನನ್ನು ಬಚ್ಚಿಡಲು ಜಾಗ ಹುಡುಕಿಕೊಟ್ಟದ್ದು ಕಿಟಕಿ ಕಂದಾಯವೇ ಎನ್ನಬೇಕು. ಅದು ಹಳೆಯ ಮನೆ. ಎರಡು ಮೊಳ ದಪ್ಪದ ಗೋಡೆ, ಆಳೆತ್ತರದ ಕಿಟಕಿ. ಆಣೆಯ ದಿನ ಅಪ್ಪ ಬೀದಿಯ ಕಡೆಯಿಂದ ಒಂದು ಸಾಲು ಇಟ್ಟಿಗೆ ಇಟ್ಟು ಮುಚ್ಚಿದ್ದ. ಒಳಗಡೆ ಒಬ್ಬ ಮನುಷ್ಯ ಕತ್ತು ಬಗ್ಗಿಸಿ ನಿಲ್ಲುವಷ್ಟು ಗೂಡು ಹಾಗೇ ಉಳಿದಿತ್ತು. ಮೊನ್ನೆ ಅಪ್ಪ ಕೋಣೆಯ ಕಡೆಯಿಂದಲೂ ಇನ್ನೊಂದು ಗೋಡೆ ಎಬ್ಬಿಸಿ ಗೂಡನ್ನು ಮರೆಮಾಡಿದ. ಕೆಳಗಿನ ಕೆಲವು ಇಟ್ಟಿಗೆಗಳನ್ನು ಗಾರೆಯಿಲ್ಲದೆ ಸುಮ್ಮನೆ ಜೋಡಿಸಿ, ಮುಂದೆ ಬಟ್ಟೆಯ ಪೆಟ್ಟಿಗೆ ಇಟ್ಟ. ಅದು ಬಾಗಿಲು. ಹೊಸ ಗಾರೆಯ ಮೇಲೆ ಒಲೆಯ ಮಸಿ ತಿಕ್ಕಿ, ಹಳೆ ಗೋಡೆಯ ಬಣ್ಣ ತಂದ.

"ಇದಕ್ಕೆ ಒಂದು ಹನಿ ನೀರು ಸೋಕಿಸಬೇಡ ಮಗಳೇ" ಎಂದು ಎಚ್ಚರಿಸಿದ. "ಬಿರುಕು ಬಿಟ್ಟರೆ ಬಿಡಲಿ. ಇದು ಆಣೆ ದಿನವೇ ಕಟ್ಟಿದ ಗೋಡೆ. ಯಾರು ಕೇಳಿದರೂ ಅಷ್ಟೇ."

"ಅವಳನ್ನ ಯಾರು ಕೇಳ್ತಾರೆ?" ಎಂದ ಅಣ್ಣ. "ಕೇಳಿದ್ರೂ ಇವಳು ಉತ್ತರ ಕೊಡೋ ಹೊತ್ತಿಗೆ ಹಡಗಿನವರು ತಾವಾಗೇ ಮನೆಗೆ ಹೋಗಿರ್ತಾರೆ."

ಮೆಲ್ಲಿ ನಗಲಿಲ್ಲ. ಮೊನ್ನೆಯಿಂದ ಅವಳದು ಅವನದೇ ಕಾವಲು. ಊಟಕ್ಕೆ ಕೂತರೆ ಅಣ್ಣನ ತಟ್ಟೆ ಕಾಣದಂತೆ ಅಡ್ಡ ಕೂರುವಳು. ಒಗೆದ ಅವನ ಅಂಗಿಯನ್ನು ಅಪ್ಪನ ಅಂಗಿಯ ಒಳಗೆ ಸೇರಿಸಿ ಹರವುವಳು. ಬೀದಿಯಲ್ಲಿ ನಾಯಿ ಬೊಗಳಿದರೂ ಅವಳ ಕಣ್ಣು ಪೆಟ್ಟಿಗೆಯ ಕಡೆ ಓಡುತ್ತಿತ್ತು. ಅಪ್ಪ-ಮಗ ಬೇರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಸಭಾಮನೆ ಗೋಡೆ ಗಟ್ಟಿಯಾಗೇ ಕಟ್ಟಿದ್ದೀಯಲ್ಲಪ್ಪ. ನೆಟ್ಟಗೆ, ತೂಗುಗುಂಡು ಬಿಟ್ಟು ನೋಡಿದ ಹಾಗೆ" ಎಂದು ಅಣ್ಣ ಚುಚ್ಚಿದ್ದ.

"ಬೆನ್ನಿಗೆ ಬಂದೂಕು ಇಟ್ಟಾಗ ಸೊಟ್ಟ ಕಟ್ಟೋದು ನನಗೆ ಬರಲ್ಲ" ಎಂದಿದ್ದ ಅಪ್ಪ. ಅಷ್ಟೇ.

ಮಧ್ಯಾಹ್ನ ಇಳಿಮುಖವಾಗುತ್ತಿದ್ದಾಗ ಬೂಟಿನ ಸದ್ದು ಬಂತು.

ಅಣ್ಣ ತೂರಿಕೊಂಡ. ಅಪ್ಪ ಇಟ್ಟಿಗೆ ಜೋಡಿಸಿ, ಪೆಟ್ಟಿಗೆ ತಳ್ಳಿ, ಏನೂ ಆಗದವನಂತೆ ಬಾಗಿಲ ಬಳಿ ಹೋಗಿ ಕರಣೆ ಉಜ್ಜುತ್ತ ಕೂತ. ಕೋಣೆಯಲ್ಲಿ ಮೆಲ್ಲಿ ಒಬ್ಬಳೇ. ಸದ್ದು ಎರಡು ಮನೆಯಾಚೆ ನಿಂತಿತು; ಯಾರೋ ಗದರಿದರು, ಏನೋ ಬಿದ್ದು ಒಡೆಯಿತು. ಮತ್ತೆ ನಡೆಯಿತು. ಭಯವಾದಾಗ ಕೆಲವರು ದೇವರನ್ನು ಕರೆಯುತ್ತಾರೆ, ಕೆಲವರು ಉಗುರು ಕಚ್ಚುತ್ತಾರೆ. ಮೆಲ್ಲಿಯ ಮನಸ್ಸು ಎಲ್ಲೋ ಓಡಿಹೋಗಿ ಅವಿತುಕೊಂಡಿತ್ತು, ಮನೆಯಲ್ಲಿ ಉಳಿದಿದ್ದವು ಅವಳ ಕೈಗಳು ಮಾತ್ರ. ಆ ಕೈಗಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಅವು ಚೊಂಬು ಎತ್ತಿಕೊಂಡವು, ಅದ್ದಿದವು, ಹೊಸ ಗಾರೆಯ ಮೇಲೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಮಗುವಿಗೆ ನೀರು ಹೊಯ್ದಷ್ಟು ಜೋಪಾನವಾಗಿ ನೀರು ಚಿಮುಕಿಸಿದವು. ಒಣಗಿದ ಗಾರೆ ಬಾಯಾರಿದ ಹಸುವಿನಂತೆ ಹೀರಿಕೊಂಡಿತು.

ಗೋಡೆಯ ಮೇಲೆ ತೇವ ಕಪ್ಪಗೆ ಹರಡಿದಾಗಲೇ ಅವಳಿಗೆ ತಾನೇನು ಮಾಡಿದೆ ಎಂದು ತಿಳಿದದ್ದು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಏನಯ್ಯಾ ಮೇಸ್ತ್ರಿ, ಆರಾಮಾ?"

ಬಂದವನು ಕಿಟಕಿ ಗುಮಾಸ್ತ. ಹಡಗಿನವರ ಕಚೇರಿಯಲ್ಲಿ ಕಿಟಕಿ ಎಣಿಸುವ ಕೆಲಸ ಅವನದು. ಊರಿನವನೇ. ಎಣಿಸಲು ಕಿಟಕಿಯೇ ಇಲ್ಲದಂತಾದ ಮೇಲೆ ಅವನಿಗೆ ತಲೆಮರೆಸಿಕೊಂಡವರನ್ನು ಹುಡುಕುವ ಕೆಲಸ ಹಚ್ಚಿದ್ದರು. ಜೊತೆಗೆ ಇಬ್ಬರು ಸಿಪಾಯಿಗಳು. ಅವರು ಅಟ್ಟ ಹತ್ತಿದರು, ಹಾಸಿಗೆ ಕೊಡವಿದರು, ಸುಣ್ಣದ ತೊಟ್ಟಿಗೆ ಕೋಲು ಆಡಿಸಿದರು. ಮೆಲ್ಲಿ ಚೊಂಬನ್ನು ಬೆನ್ನ ಹಿಂದೆ ಹಿಡಿದು ಮೂಲೆಗೆ ಅಂಟಿಕೊಂಡಳು. ಕೋಣೆಯಲ್ಲಿ ಒಂದೇ ಒಂದು ದೀಪ. ಕತ್ತಲೆಯೇ, ನೀನೇ ಕಾಪಾಡು ಎಂದುಕೊಂಡಳು.

"ಮಗ ಎಲ್ಲಿ?"

"ನನಗೂ ಅವನಿಗೂ ಮಾತಿಲ್ಲ ಅನ್ನೋದು ಊರಿಗೇ ಗೊತ್ತಲ್ಲ ಬುದ್ಧಿ" ಎಂದ ಅಪ್ಪ.

"ಗೊತ್ತು, ಗೊತ್ತು. ಪಾಪ, ನಿನ್ನಂಥ ನಿಯತ್ತಿನವನ ಹೊಟ್ಟೇಲಿ ಅಂಥವನು." ಗುಮಾಸ್ತನಿಗೆ ಬೆಳಗಿನಿಂದ ಸುತ್ತಿ ಸಾಕಾಗಿತ್ತು. ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತ, ಪೆಟ್ಟಿಗೆಯ ಪಕ್ಕಕ್ಕೆ ಹೋಗಿ, ಗೋಡೆಗೆ ಬೆನ್ನು ಒರಗಿಸಿದ.

ಒರಗಿದವನು ಚೇಳು ಕುಟುಕಿದಂತೆ ಮುಂದೆ ಹಾರಿದ. ಕೋಟಿನ ಹಿಂಭಾಗ ಮುಟ್ಟಿಕೊಂಡ. ದೀಪ ತರಿಸಿದ. ಗೋಡೆಯನ್ನು ಅಂಗೈಯಿಂದ ಸವರಿ, ಅಂಗೈ ನೋಡಿಕೊಂಡ. ಮಸಿ ಮತ್ತು ನೀರು.

"ಮೇಸ್ತ್ರಿ, ಈ ಗೋಡೆ ಯಾವಾಗಿಂದು?"

"ಎಲ್ಲರ ಜೊತೇನೇ ಬುದ್ಧಿ. ಆಣೆ ದಿನ."

"ಓಹೋ. ಅಂದಿನ ಗೋಡೆ ಇವತ್ತು ಬೆವರ್ತಾ ಇದೆ. ಜ್ವರ ಬಂದಿದೆಯಾ ಇದಕ್ಕೆ?"

ಸಿಪಾಯಿಗಳು ಕಿಸಕ್ಕೆಂದು ನಕ್ಕರು. ಗುಮಾಸ್ತ ನಗಲಿಲ್ಲ. ಅಪ್ಪನ ಕಣ್ಣು ನಿಧಾನಕ್ಕೆ ಮೂಲೆಯ ಕಡೆ, ಮಗಳ ಕಡೆ, ಬೆನ್ನ ಹಿಂದಿನಿಂದ ಹನಿ ಬೀಳುತ್ತಿದ್ದ ನೆಲದ ಕಡೆ ಬಂದು ನಿಂತಿತು. ಬಯ್ಯುವ ಕಣ್ಣಲ್ಲ ಅದು. ಅದೇ ಅವಳನ್ನು ಸುಟ್ಟಿತು.

ಗುಮಾಸ್ತ ಬೆರಳಿನ ಗೆಣ್ಣಿನಿಂದ ಗೋಡೆ ಕುಟ್ಟಲು ಕೈ ಎತ್ತಿದ.

"ಒಡೆಯೋಕೆ."

ಯಾರು ಮಾತಾಡಿದ್ದೆಂದು ಎಲ್ಲರೂ ತಿರುಗಿದರು. ಮೆಲ್ಲಿಗೂ ತಿರುಗಿ ನೋಡಬೇಕೆನಿಸಿತು.

"ಏನಂದೆ?"

"ಒಡೆಯೋಕೆ ನೆನೆಸಿದ್ದು. ಒಣಗೋಡೆ ಒಡೆದ್ರೆ... ಧೂಳು ಏಳುತ್ತೆ. ಅದಕ್ಕೆ ನಾನು ನೀರು ಹೊಡೆದೆ." ಚೊಂಬನ್ನು ಮುಂದೆ ತಂದು ತೋರಿಸಿದಳು. "ನಾವು ಕಂದಾಯ ಕಟ್ತೀವಿ. ಕಿಟಕಿ ತೆಗೀತೀವಿ. ಕತ್ತಲಲ್ಲಿ ನನಗೆ ಭಯ ಆಗುತ್ತೆ."

ಕೊನೆಯ ಮಾತೊಂದು ನಿಜವಾಗಿತ್ತು. ಬಹುಶಃ ಅದರಿಂದಲೇ ಮಿಕ್ಕದ್ದೂ ನಿಜದಂತೆ ಕೇಳಿಸಿತು.

ಅಪ್ಪ ತಲೆ ತಗ್ಗಿಸಿದ. "ಬೀದಿಯವರಿಗೆ ಹೇಳೋಕೆ ಮುಖ ಇರಲಿಲ್ಲ ಬುದ್ಧಿ. ಸದ್ದಿಲ್ಲದೆ ತೆಗೆಯೋಣ ಅಂತಿದ್ದೆ."

ಗುಮಾಸ್ತನ ಮುಖ ಅರಳಿದ್ದನ್ನು ನೋಡಬೇಕಿತ್ತು. ಇಡೀ ಊರಿನ ಒಗ್ಗಟ್ಟಿನಲ್ಲಿ ಮೊದಲ ಬಿರುಕು, ಅದೂ ಆ ಮಗನ ಮನೆಯಲ್ಲೇ! ಇದಕ್ಕೆ ಅವನಿಗೆ ಏನು ಸಿಕ್ಕಬಹುದೋ, ಅದನ್ನಾಗಲೇ ಅವನು ಮನಸ್ಸಿನಲ್ಲಿ ತೊಟ್ಟುಕೊಂಡು ನೋಡುತ್ತಿದ್ದ. "ಸದ್ದಿಲ್ಲದೆ ಯಾಕಯ್ಯಾ? ತಮಟೆ ಹೊಡೆದು ತೆಗೆಯೋಣ. ದೊರೆಗಳನ್ನೇ ಕರ್ಕೊಂಡು ಬರ್ತೀನಿ. ಒಳಗಡೆ ಗಾರೆ ಗೀರೆ ಬಿಚ್ಚಿ ಹಗುರ ಮಾಡಿಟ್ಕೋ. ಹೊರಗಿನ ಇಟ್ಟಿಗೆ ಮಾತ್ರ ದೊರೆಗಳ ಕಣ್ಣೆದುರಿಗೇ ಬೀಳಬೇಕು. ಬೀದಿ ಜನ ಎಲ್ಲ ನೋಡಬೇಕು." ಒಬ್ಬ ಸಿಪಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಇನ್ನೊಬ್ಬನನ್ನು ಕರೆದುಕೊಂಡು ಹಾರುಹೆಜ್ಜೆಯಲ್ಲಿ ಹೋದ.

ಅಪ್ಪ ಹಾರೆ ತೆಗೆದುಕೊಂಡು ಒಳಗೋಡೆ ಇಳಿಸತೊಡಗಿದ. ಸದ್ದು ಬೇಕಿತ್ತು, ಧೂಳು ಬೇಕಿತ್ತು. ಮೆಲ್ಲಿ ತಲೆಯ ಮೇಲೆ ಗೋಣಿಚೀಲ ಮಡಚಿ ಹೊದ್ದು, ಮುಖಕ್ಕೆ ಬಟ್ಟೆ ಸುತ್ತಿ, ಇಟ್ಟಿಗೆ ಚೂರುಗಳ ಬುಟ್ಟಿ ಹೊತ್ತು ಹೊರಗೆ ಹೋದಳು. ಬೀದಿಯ ಕೊನೆಯಲ್ಲಿ ತಿಪ್ಪೆ, ಅದರಾಚೆ ಸುಣ್ಣದ ಭಟ್ಟಿ. ಭಟ್ಟಿಯ ಆಳುಗಳೆಲ್ಲ ಅಣ್ಣನ ಕಡೆಯವರು. ಹೋದಳು, ಸುರಿದಳು, ಬಂದಳು. ಮತ್ತೆ ಹೋದಳು. ಮೊದಲ ಸಲ ಸಿಪಾಯಿ ಬುಟ್ಟಿಗೆ ಕೋಲು ಹಾಕಿ ನೋಡಿದ. ಎರಡನೆಯ ಸಲ ಬರೀ ನೋಡಿದ. ಆಮೇಲೆ ನೋಡುವುದನ್ನೂ ಬಿಟ್ಟ. ಚಿಕ್ಕಂದಿನಿಂದ ಅವಳ ಪಾಡು ಅದೇ. ಅವಳನ್ನು ಯಾರೂ ಎರಡು ಸಲ ನೋಡುತ್ತಿರಲಿಲ್ಲ. ಅದನ್ನು ನೆನೆದು ಅತ್ತದ್ದಿತ್ತು. ಈ ದಿನ ಅದೇ ಅವರ ಕೈಯಲ್ಲಿದ್ದ ಒಂದೇ ಹತಾರ.

ಗೂಡಿನಿಂದ ಹೊರಬಂದ ಅಣ್ಣನ ತಲೆಯಿಂದ ಕಾಲವರೆಗೆ ಸುಣ್ಣ. ಅವಳು ಗೋಣಿಚೀಲವನ್ನು ಅವನ ತಲೆಗೆ ಏರಿಸಿದಳು, ತನ್ನ ಮುಸುಕು ಬಿಚ್ಚಿ ಅವನ ಮುಖಕ್ಕೆ ಸುತ್ತಿದಳು. ಅವನ ಉಸಿರು ಬಿಸಿಯಾಗಿತ್ತು. ಅಣಕಿಸುತ್ತಿದ್ದ ಬಾಯಿ ಒಣಗಿತ್ತು.

"ಒಂದು ವರ್ಷದ ಮಾತು ಇವತ್ತೇ ಆಡಿಬಿಟ್ಯಲ್ಲೇ" ಎಂದ, ನಗಲು ನೋಡುತ್ತ.

"ನಾನೇ ನೀರು ಹೊಡೆದಿದ್ದು ಅಣ್ಣ. ನನ್ನಿಂದಲೇ—"

"ಸುಮ್ನಿರು. ಬುಟ್ಟಿ ಹೊರಿಸು. ಬೆನ್ನು ಬಗ್ಗಿಸಬೇಕಾ?"

"ಬಗ್ಗಿಸು. ನೆಲ ನೋಡ್ತಾ ನಡಿ. ಯಾರಾದ್ರೂ ಕರೆದ್ರೆ ಕೇಳಿಸದ ಹಾಗೆ ಹೋಗು. ನಾನು ಹಾಗೇ ಹೋಗೋದು."

ಅಪ್ಪ ಹಾರೆಯ ಪೆಟ್ಟು ನಿಲ್ಲಿಸದೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ: "ಆ ಸಭಾಮನೆ ಗೋಡೆ. ಅದಕ್ಕೆ ಸುಣ್ಣ ಕಮ್ಮಿ ಹಾಕಿದ್ದೆ. ಕಟ್ಟಿದ ಮೇಲೆ ಒಂದು ಚೊಂಬು ನೀರೂ ಕಾಣಿಸಿಲ್ಲ. ನೋಡೋಕೆ ಗೋಡೆ ಅಷ್ಟೇ. ನಾಲ್ಕು ಹೆಗಲು ಕೊಟ್ಟರೆ ಸಾಕು."

ಅಣ್ಣ ಬುಟ್ಟಿಯ ಕೆಳಗಿನಿಂದ ಅಪ್ಪನ ಬೆನ್ನನ್ನು ನೋಡಿದ. ಮುಸುಕಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. "ಮೊದಲೇ ಹೇಳಬಾರದಿತ್ತಾ?" ಎಂದ.

"ನಿನ್ನ ಬಾಯಿ ನನಗೆ ಗೊತ್ತಿಲ್ವಾ? ನಡಿ."

ಅವನು ನಡೆದ. ಮೆಲ್ಲಿ ಬಾಗಿಲ ಸಂದಿನಿಂದ ನೋಡಿದಳು. ಸಿಪಾಯಿ ಚುಟ್ಟಾ ಹಚ್ಚುತ್ತಿದ್ದ. ಗೋಣಿಚೀಲ ಅವನ ಮುಂದೆಯೇ ಹಾದು, ಬೀದಿಯ ನಡುವೆ ಸಣ್ಣದಾಗುತ್ತ, ತಿಪ್ಪೆಯ ತಿರುವಿನಲ್ಲಿ ಮರೆಯಾಯಿತು. ಹಿಂದಿರುಗಲಿಲ್ಲ. ನೋಡುತ್ತ ನಿಲ್ಲುವ ಹಾಗಿರಲಿಲ್ಲ. ಹೋದವಳು ಬಂದಿಲ್ಲವಲ್ಲ ಎಂದು ಸಿಪಾಯಿಗೆ ಹೊಳೆಯುವ ಮೊದಲೇ ತಾನು ಕಾಣಿಸಿಕೊಳ್ಳಬೇಕು. ಇನ್ನೊಂದು ಬುಟ್ಟಿ ತುಂಬಿ ಹೊಸ್ತಿಲು ದಾಟಿದಳು.

ಸಿಪಾಯಿಯ ಬಾಯಿಂದ ಚುಟ್ಟಾ ಜಾರಿತು. "ಏಯ್. ನೀನು ಆ ಕಡೆ ಹೋದೆಯಲ್ಲ?"

"ಬಂದೆನಲ್ಲ."

"ಯಾವಾಗ?"

"ನೀವು ಬೆಂಕಿ ಹಚ್ಚೋವಾಗ." ಸ್ವಲ್ಪ ತಡೆದು, ಯಾರು ಹೇಳಿಕೊಟ್ಟರೋ, "ಹೇಳಲಾ ಗುಮಾಸ್ತರಿಗೆ, ಕಾವಲು ಬಿಟ್ಟು ಚುಟ್ಟಾ ಸೇದ್ತಿದ್ರು ಅಂತ?" ಎಂದಳು.

ಸಿಪಾಯಿ ಚುಟ್ಟಾವನ್ನು ಕಾಲಿನಿಂದ ಹೊಸಕಿದ. "ಹೋಗು, ಹೋಗು. ಊರಲ್ಲಿ ಇವಳನ್ನ ಮೂಗಿ ಅಂತಾರೆ ಬೇರೆ!"

ದೊರೆ ಬಂದಾಗ ಬಿಸಿಲು ಓರೆಯಾಗಿ ಬೀದಿಗೆ ಬಿದ್ದಿತ್ತು. ಸಿಪಾಯಿಗಳು ಮನೆಮನೆಯಿಂದ ಜನರನ್ನು ಹೊರಡಿಸಿ ಸಾಲಾಗಿ ನಿಲ್ಲಿಸಿದರು. ದೊರೆ ಮಾತಾಡಲಿಲ್ಲ. ತೆಳ್ಳಗೆ, ಸ್ವಚ್ಛವಾಗಿ, ಆಸ್ಪತ್ರೆಗೆ ಬಂದವನಂತೆ ಕೈಕಟ್ಟಿ ನಿಂತ. ಗುಮಾಸ್ತನೇ ಗಂಟಲು ಸರಿಮಾಡಿಕೊಂಡು, ಬುದ್ಧಿವಂತ ಮೇಸ್ತ್ರಿಯ ವಿಷಯ ಊರಿಗೆಲ್ಲ ಕೇಳುವಂತೆ ಹೇಳಿದ. ಅಪ್ಪ ಸುತ್ತಿಗೆ ಎತ್ತಿದ.

"ಥೂ!" ತಮಟೆ ಅತ್ತೆಯ ದನಿ. "ಅವತ್ತು ಊರಿನ ಬಾಯಿ ಕಟ್ಟಿದೆ, ಇವತ್ತು ಊರಿನ ಮಾನ ಕಳೆದೆ! ನನ್ನ ಗಂಡ ಅಲ್ಲಿ ಕತ್ತಲಲ್ಲಿ ಕೊಳೀತಾ ಬಿದ್ದಿದ್ದಾನೆ ಕಣೋ, ಹಗಲು ಯಾವ್ದು ರಾತ್ರಿ ಯಾವ್ದು ತಿಳೀದೆ! ಅವನಿಗಿಂತ ಹೆಚ್ಚಾಯ್ತಾ ನಿನ್ನ ಮಗಳಿಗೆ ಬೆಳಕು?"

ಯಾರೂ ಅವಳನ್ನು ತಡೆಯಲಿಲ್ಲ. ಮೆಲ್ಲಿ ಕೋಣೆಯೊಳಗೆ, ಗೂಡಿನ ಪಕ್ಕದಲ್ಲಿ ಇಟ್ಟಿಗೆ ಹಿಡಿದುಕೊಳ್ಳಲು ನಿಂತಿದ್ದಳು. ಒಂದೊಂದು ಮಾತೂ ಗೋಡೆ ದಾಟಿ ಬಂದು ತಗುಲುತ್ತಿತ್ತು. ಹೇಳುವಂತಿಲ್ಲ. ಯಾರಿಗೂ, ಎಂದೂ ಹೇಳುವಂತಿಲ್ಲ.

ಮೊದಲ ಇಟ್ಟಿಗೆ ಬಿತ್ತು. ಬೆಳಕಿನ ಒಂದು ಕೋಲು ಒಳಗೆ ಬಂತು. ಎರಡನೆಯದು, ಮೂರನೆಯದು. ಆಣೆಯ ದಿನದಿಂದ ಕಾಣದ ಸೂರ್ಯ ಹಸಿದವನಂತೆ ಒಳನುಗ್ಗಿ, ಗೂಡಿನ ತಳದವರೆಗೆ ಹರಡಿದ. ಮೆಲ್ಲಿ ಬಗ್ಗಿ ನೋಡಿದಳು.

ಗೋಡೆ ಕಟ್ಟುವಾಗ ಗೂಡಿನ ತಳಕ್ಕೆ ಗಾರೆ ಉದುರಿ ದಪ್ಪಗೆ ಕೂತಿತ್ತು. ಅವಳು ಹೊಡೆದ ನೀರು ಇಳಿದು ಅದು ಮತ್ತೆ ಕೆಸರಾಗಿತ್ತು. ಆ ಬಿಳಿ ಕೆಸರಿನ ನಡುವೆ, ಅಚ್ಚು ಒತ್ತಿದಂತೆ, ಕೋಣೆಯ ಕಡೆಗೆ ಮುಖ ಮಾಡಿದ ಎರಡು ಬರಿಗಾಲು. ಬೆರಳು ಬೆರಳೂ ಬಿಡಿಸಿಟ್ಟ ಹಾಗೆ. ಕತ್ತಲಲ್ಲಿ ಅವಸರ ಅವಸರವಾಗಿ ಬಾಚಿದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕತ್ತಲೆ ಅಡಗಿಸಿಟ್ಟಿದ್ದನ್ನು ಬೆಳಕು ಎತ್ತಿ ತೋರಿಸುತ್ತಿತ್ತು.

ಕೊನೆಯ ಸಾಲು ಬಿತ್ತು. ಗುಮಾಸ್ತ ಚಪ್ಪಾಳೆ ತಟ್ಟಿದ. ದೊರೆ ಕೈ ಬಿಚ್ಚಿ, ತೆರೆದ ಕಿಟಕಿಯನ್ನು ನೋಡಲು ಒಂದು ಹೆಜ್ಜೆ ಮುಂದಿಟ್ಟ. ಇನ್ನೊಂದಿಟ್ಟ. ಮೆಲ್ಲಿಗೆ ಕೈ ಚಾಚಿ ಅಳಿಸಬೇಕೆನಿಸಿತು, ಕೈ ಏಳಲಿಲ್ಲ. ಕೈ ಆಡಿಸಿದರೆ ಎಲ್ಲರ ಕಣ್ಣೂ ಅಲ್ಲಿಗೇ. ಅವಳು ತಲೆಯೆತ್ತಿದಳು. ಬೀದಿಯಾಚೆ ನಿಂತಿದ್ದ ತಮಟೆ ಅತ್ತೆಯ ಕಣ್ಣು ನೇರವಾಗಿ ಗೂಡಿನ ತಳದ ಮೇಲಿತ್ತು.

ಅತ್ತೆ ಬಯ್ಯುವುದನ್ನು ನಿಲ್ಲಿಸಿದಳು.

ಮರುಗಳಿಗೆ ಅವಳು ತನ್ನ ಬಾಗಿಲ ಬಳಿಯ ಬಟ್ಟೆ ತೊಳೆದ ಕೊಳೆನೀರಿನ ಬಾನಿಯನ್ನು ಎರಡೂ ಕೈಯಲ್ಲಿ ಎತ್ತಿ, ಸಿಪಾಯಿಗಳನ್ನು ತಳ್ಳಿಕೊಂಡು ಓಡಿಬಂದು, "ತಗೋ ನಿನ್ನ ಬೆಳಕು! ತೊಳ್ಕೋ ನಿನ್ನ ಕಿಟಕಿ!" ಎಂದು ಅಷ್ಟನ್ನೂ ಕಿಟಕಿಗೆ ಎರಚಿದಳು. ಸಾಬೂನಿನ ಕಪ್ಪು ನೀರು ಗೂಡಿನಲ್ಲಿ ಸುಳಿಸುತ್ತಿ, ಬಿಳಿ ಕೆಸರನ್ನೆಲ್ಲ ಬಳಿದುಕೊಂಡು, ಮೆಲ್ಲಿಯನ್ನು ತೋಯಿಸಿ, ಹೊರಗೆ ದೊರೆಯ ಬೂಟಿನ ಮೇಲೂ ಇಳಿಯಿತು.

ಬಂದೂಕಿನ ಹಿಡಿ ಅವಳ ಕೆನ್ನೆಗೆ ಬಿತ್ತು. ಅವಳು ಬಿದ್ದಳು. ಬಿದ್ದಲ್ಲಿಂದಲೇ ಮೆಲ್ಲಿಯ ಮನೆತನವನ್ನೆಲ್ಲ ಹಿಡಿದು ಬಯ್ದಳು. ದೊರೆ ಬೂಟು ನೋಡಿಕೊಂಡ. ಗುಮಾಸ್ತನಿಗೆ ತನ್ನ ಭಾಷೆಯಲ್ಲಿ ಏನೋ ಅಂದ. ಸಣ್ಣಗೆ ನಕ್ಕ. ಇವರು ಇವರಲ್ಲೇ ಕಚ್ಚಾಡಿಕೊಳ್ಳಲಿ ಎಂದಿರಬೇಕು. ಅವರು ಹೋದರು.

ಮರುದಿನ ಬೆಳಿಗ್ಗೆ ಮೇಸ್ತ್ರಿಯ ಮನೆಗೆ ಯಾರೂ ಕೆಲಸಕ್ಕೆ ಕರೆಯಲು ಬರಲಿಲ್ಲ. ಬಾವಿಕಟ್ಟೆಯಲ್ಲಿ ಮೆಲ್ಲಿಯನ್ನು ಕಂಡ ಹೆಂಗಸರು ಕೊಡ ಎತ್ತಿಕೊಂಡು ನಡೆದರು. ಇಡೀ ಬೀದಿಯಲ್ಲಿ ಬೆಳಕಿದ್ದದ್ದು ಅವರ ಮನೆಯಲ್ಲಿ ಮಾತ್ರ. ಆ ಬೆಳಕಿನಲ್ಲಿ ಕೂತರೆ ಬೆತ್ತಲೆ ಕೂತಂತೆ ಅನಿಸುತ್ತಿತ್ತು. ಅಣ್ಣ ಭಟ್ಟಿ ಮುಟ್ಟಿದನೋ ಇಲ್ಲವೋ ಸುದ್ದಿಯಿಲ್ಲ. ಅಪ್ಪ ಗೋಡೆಗೊರಗಿ ಬರಿಗೈ ನೋಡಿಕೊಳ್ಳುತ್ತಿದ್ದ.

ಕಿ‌ಟಕಿಯ ಕೆಳಗೆ ಯಾರೋ ಕೂತಂತಾಯಿತು. ತಮಟೆ ಅತ್ತೆ. ಒಂದು ಕೆನ್ನೆ ಊದಿ, ಕಣ್ಣು ಮುಚ್ಚಿಹೋಗಿತ್ತು. ಬೆನ್ನು ತಿರುಗಿಸಿಕೊಂಡು, ಬೀದಿ ನೋಡುತ್ತ, ಬಟ್ಟೆ ಹಿಂಡುವವಳಂತೆ ಬಟ್ಟೆ ಹಿಂಡಿದಳು.

"ಅವನ ಕಾಲು ಮೊದಲಿಂದ್ಲೂ ದೊಡ್ಡದೇ" ಎಂದಳು. ಗಂಡನಿಗೆ ಮಾತ್ರ ಆಡುವ ಆ ತಗ್ಗಿದ ದನಿಯಲ್ಲಿ. "ಚಿಕ್ಕವನಿದ್ದಾಗ ನಾನು ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಅದೇ ಹೆಜ್ಜೆ. ಎಷ್ಟು ಹೊಡೆದಿದ್ದೀನಿ."

ಮೆಲ್ಲಿ ಮೂಗೆಳೆದುಕೊಂಡಳು.

"ಅಳಬೇಡ, ಕೇಳು. ಭಟ್ಟಿಯಿಂದ ಹೇಳಿ ಕಳಿಸಿದ್ದಾರೆ, ಸಭಾಮನೆ ಗೋಡೆ ಬೀಳಿಸ್ತಾರಂತೆ. ಇವತ್ತೇ. ನಿನ್ನ ಕಿಟಕಿಯಿಂದ ಸಭಾಮನೆ ಬಾಗಿಲು ಕಾಣುತ್ತಲ್ಲ? ಊರಲ್ಲಿ ಇನ್ಯಾರಿಗೂ ಕಾಣಲ್ಲ. ಅಲ್ಲಿ ಸುಳಿದಾಡಿದವರನ್ನೆಲ್ಲ ಹಿಡೀತಾರೆ. ಕಾವಲಿನವರು ಊಟಕ್ಕೆ ಹೋಗಿ ಜನ ಕಮ್ಮಿ ಆದ ತಕ್ಷಣ, ಈ ಒದ್ದೆ ಬಟ್ಟೆ ಕಿಟಕಿಗೆ ಹಾಕು. ಆಮೇಲಿಂದು ನನ್ನ ಗಂಟಲು ನೋಡ್ಕೊಳ್ಳುತ್ತೆ."

"ನನಗೆ ಭಯ ಆಗುತ್ತೆ ಅತ್ತೆ."

"ನನಗೂ ಆಗುತ್ತೆ ಕಣೇ. ನಾನು ಕೂಗ್ತೀನಿ, ನೀನು ಸುಮ್ನಿರ್ತೀಯ. ಅಷ್ಟೇ ವ್ಯತ್ಯಾಸ." ಬಟ್ಟೆಯನ್ನು ಕಿಟಕಿಯೊಳಗೆ ಎಸೆದು, ಎದ್ದು, ಬೀದಿಗೆಲ್ಲ ಕೇಳುವಂತೆ "ಥೂ ನಿಮ್ಮ ವಂಶಕ್ಕೆ!" ಎಂದು ಉಗಿದು ಹೋದಳು.

ಮೆಲ್ಲಿ ಕಿಟಕಿಯಲ್ಲಿ ಕೂತಳು. ಬೀದಿಯ ಆ ತುದಿಯಲ್ಲಿ ಸಭಾಮನೆ, ಅದರ ಬಾಗಿಲಲ್ಲಿ ಅಪ್ಪ ಕಟ್ಟಿದ ನೆಟ್ಟನೆಯ ಗೋಡೆ, ಗೋಡೆಯ ಮುಂದೆ ಬಂದೂಕುಗಳು. ಒಂದು ಗೋಡೆಗೆ ತಾನು ಹೊಡೆದ ನೀರು ಅಣ್ಣನನ್ನು ಕೊಲ್ಲುವುದರಲ್ಲಿತ್ತು. ಇನ್ನೊಂದಕ್ಕೆ ಅಪ್ಪ ಹೊಡೆಯಬೇಡವೆಂದ ನೀರು ಏನು ಮಾಡುತ್ತದೋ. ಹೆಗಲು ಕೊಟ್ಟಾಗ ಅದು ಬೀಳದಿದ್ದರೆ? ಬೀಳುವ ಮುನ್ನವೇ ಕಾವಲಿನವರು ಹಿಂದಿರುಗಿದರೆ? ಮೊದಲ ಹೆಗಲು ಯಾರದೆಂದು ಅವಳಿಗೆ ಗೊತ್ತಿತ್ತು.

ಬಿಸಿಲು ನೆತ್ತಿಗೆ ಬಂತು. ಕಾವಲಿನವರು ಒಬ್ಬೊಬ್ಬರಾಗಿ ನೆರಳಿನತ್ತ ಸರಿದರು. ಬುತ್ತಿ ಬಿಚ್ಚಿದರು. ಬಾಗಿಲಲ್ಲಿ ಒಬ್ಬನೇ ಉಳಿದ, ಅವನೂ ಟೊಪ್ಪಿಗೆ ತೆಗೆದ. ಮೆಲ್ಲಿಯ ಕೈಯೊಳಗಿನ ಬಟ್ಟೆಯಿಂದ ನೀರು ಮೊಣಕೈವರೆಗೆ ಇಳಿಯಿತು. ಅಪ್ಪ ಬಂದು ಅವಳ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟ. ಈ ಸಲ ಅವಳ ಕೈಗಳು ತಾವಾಗಿ ಏನೂ ಮಾಡಲಿಲ್ಲ. ಅವಳೇ ಅವುಗಳಿಗೆ ಹೇಳಬೇಕಾಯಿತು.

ಬಟ್ಟೆಯನ್ನು ಕೊಡವಿ ಕಿಟಕಿಗೆ ಹಾಕಿದಳು.

ಎದುರುಮನೆಯಿಂದ ತಮಟೆ ಅತ್ತೆಯ ದನಿ, ಯಾವುದೋ ಇಲ್ಲದ ಕಳ್ಳನನ್ನು ಬಯ್ಯುತ್ತ, ಬೀದಿಯ ಉದ್ದಕ್ಕೂ ಎದ್ದಿತು. ಭಟ್ಟಿಯ ಕಡೆಯಿಂದ ಕಾಲುಗಳ ಸದ್ದು. ಬೆಳ್ಳಗೆ ಸುಣ್ಣ ಬಳಿದುಕೊಂಡ ಆಳುಗಳ ಗುಂಪೊಂದು ತಿರುವಿನಲ್ಲಿ ಕಾಣಿಸಿಕೊಂಡು ಓಡತೊಡಗಿತು. ಯಾರು ಯಾರೆಂದು ಗುರುತು ಹತ್ತುವಂತಿರಲಿಲ್ಲ. ಕಾವಲಿನವನು ಕೂಗಿದ. ನೆರಳಿನಲ್ಲಿದ್ದವರು ಬುತ್ತಿ ಚೆಲ್ಲಿ ಎದ್ದರು. ಮೆಲ್ಲಿ ಕಣ್ಣು ಮುಚ್ಚಿದಳು.

ಢಮ್ಮೆಂದು ಒಂದು ಸದ್ದು.

ಬಂದೂಕೋ, ಗೋಡೆಯೋ? ಅವಳ ಭುಜದ ಮೇಲಿದ್ದ ಅಪ್ಪನ ಕೈ ಬಿಗಿಯಿತು. ಆ ಸದ್ದಿನ ಹಿಂದೆಯೇ ಇನ್ನೊಂದು ಬಂತು. ಸಣ್ಣದು, ಉದ್ದದ್ದು, ಮರಳು ಜಾರಿ ಸುರಿಯುವ ಸದ್ದು. ಅದನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಕಣ್ಣು ತೆರೆದಳು. ಸಭಾಮನೆಯ ಬಾಗಿಲಲ್ಲಿ ಧೂಳು ಆಳೆತ್ತರಕ್ಕೆ ಎದ್ದು ನಿಂತಿತ್ತು. ಒಣಧೂಳು. ಅದರೊಳಗೆ ಯಾರು ನಿಂತಿದ್ದಾರೆ, ಯಾರು ಬಿದ್ದಿದ್ದಾರೆ ಎಂದು ಇನ್ನೂ ಕಾಣುತ್ತಿರಲಿಲ್ಲ.